ಆಸ್ಪತ್ರೆಯ ಚೊಚ್ಚಲು

ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಬಾಯಿಗಿಡುವಷ್ಟೇ ಸಲೀಸಾಗಿ ಅಮ್ಮ ಆ ಮಾತು ಆಡಿಬಿಟ್ಟಳಲ್ಲ ಎನ್ನುವುದೇ ಅವನಿಗೆ ಇನ್ನೂ ಅರಗಿರಲಿಲ್ಲ. ಅಂಗಡಿಯ ಬಾಗಿಲು ತೆಗೆದು, ಶೋಕೇಸಿನ ಗಾಜು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ, ಸಾಲಾಗಿ ಕೂತ ಕನ್ನಡಕಗಳೆಲ್ಲ ತನ್ನನ್ನೇ ನೋಡುತ್ತಿವೆ ಅನ್ನಿಸಿ ಬೆನ್ನು ತಿರುಗಿಸಿ ನಿಂತ. ತಪ್ಪು ತನ್ನದೇ. ಇವತ್ತು ಆಸ್ಪತ್ರೆಗೆ ಐವತ್ತು ತುಂಬುತ್ತದೆ, ಅದರ ಜೊತೆಗೆ ತನಗೂ ತುಂಬುತ್ತದೆ, ಈ ಸಲ ಭಾಷಣ ಒಂಚೂರು ಉದ್ದ ಇರಲಿ ಎಂದು ಆಸ್ಪತ್ರೆ ಸಮಿತಿಯ ಅಧ್ಯಕ್ಷರು ಬೇರೆ ಹೇಳಿದ್ದಾರೆ. ಹಾಗಾಗಿ, 'ಅಮ್ಮಾ, ನಾನು ಹುಟ್ಟಿದ ದಿನದ್ದು ಏನಾದ್ರೂ ಹೊಸ ವಿಷಯ ಇದ್ರೆ ಹೇಳು' ಎಂದು ಬೆಳಿಗ್ಗೆ ಕೇಳಿದವನು ತಾನೇ. ಅಮ್ಮ ಸ್ವಲ್ಪ ಯೋಚಿಸಿದಳು. 'ಹೊಸದೇನಿರುತ್ತೋ. ನೀನು ಹುಟ್ಟಿದ್ದು ಬೆಳಕು ಹರಿದ್ಮೇಲೆ. ಆ ಹುಡುಗಿ ಹುಟ್ಟಿದಾಗ ಇನ್ನೂ ಕತ್ತಲಿತ್ತು.' ಕೋಟಿನ ಹೆಗಲ ಮೇಲಿನ ನೂಲು ಹೆಕ್ಕುತ್ತಿದ್ದ ಹೆಂಡತಿಯ ಕೈ ನಿಂತಿತು. 'ಯಾವ ಹುಡುಗಿ?' 'ಅದೇ, ಈಗ ಆಂಬುಲೆನ್ಸ್ ಓಡಿಸ್ತಾಳಲ್ಲ, ಅವಳು. ಅವರಮ್ಮ ನನ್ನ ಪಕ್ಕದ ಮಂಚದಲ್ಲೇ ಇದ್ದಿದ್ದು. ಮಗು ಅಂದ್ರೆ ಮಗುವೇ ಅಲ್ಲ, ಇಲಿಮರಿ. ಉಳಿಯುತ್ತೋ ಇಲ್ವೋ ಅಂತ ಡಾಕ್ಟರಮ್ಮ ಯಾರಿಗೂ ಹೇಳ್ಬೇಡಿ ಅಂದ್ರು. ಅಷ್ಟರಲ್ಲಿ ನೀನು ಬಂದೆ, ಗುಂಡುಕಲ್ಲಿನ ಹಾಗೆ. ನಿನ್ನ ಎತ್ಕೊಂಡು ಹೋಗಿ ಪೇಟೆಗೆಲ್ಲ ತೋರಿಸಿದ್ರು.' ಇಷ್ಟು ಹೇಳಿ ಅಮ್ಮ ಇನ್ನೊಂದು ಬಿಸ್ಕತ್ತಿಗೆ ಕೈ ಚಾಚಿದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, 'ನೀನೆಲ್ಲಿ ಕೇಳ್ದೆ?' ಹೆಂಡತಿ ನಗು ತಡೆಯಲಾರದೆ ಕುರ್ಚಿ ಹಿಡಿದು ಕೂತೇಬಿಟ್ಟಳು. 'ಇದ್ದಿದ್ದೇ ಒಂದು ಸಾಧನೆ, ಅದಕ್ಕೂ ಕಷ್ಟಪಟ್ಟಿದ್ದು ಅತ್ತೆ. ಈಗ ಅದೂ ಹೋಯ್ತಲ್ರೀ!'

ಅಂಗಡಿಯ ಎದುರಿಗೇ ಆಸ್ಪತ್ರೆಯ ಗೇಟು, ಗೇಟಿನ ಮೇಲೆ ಬಟ್ಟೆಯ ಬ್ಯಾನರು, ಬ್ಯಾನರಿನಲ್ಲಿ ಅವನ ಮುಖ. ಗಾಳಿ ಬಂದಾಗ ಕೆನ್ನೆ ಉಬ್ಬುತ್ತಿತ್ತು, ಗಾಳಿ ನಿಂತಾಗ ಏನನ್ನೋ ನುಂಗಿಕೊಂಡ ಹಾಗೆ ಒಳಗೆ ಹೋಗುತ್ತಿತ್ತು. 'ನಮ್ಮ ಆಸ್ಪತ್ರೆಯ ಮೊದಲ ಮಗು' ಎಂದು ಕೆಳಗೆ ದಪ್ಪ ಅಕ್ಷರ. ಊರಿಗೆ ಊರೇ ಅವನನ್ನು ಫಸ್ಟಣ್ಣ ಎಂದು ಕರೆಯುತ್ತದೆ. ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಉಳಿದಿದೆ. ಶಾಲೆಯಲ್ಲಿ ಯಾವ ಪರೀಕ್ಷೆಯಲ್ಲೂ ಮೊದಲು ಬಾರದ ಅವನನ್ನು ಮೇಷ್ಟ್ರು, 'ಏನೋ ಫಸ್ಟು, ಮತ್ತೆ ಕೊನೇ ಬೆಂಚಾ?' ಎನ್ನುತ್ತಿದ್ದರು, ಇಡೀ ತರಗತಿ ನಗುತ್ತಿತ್ತು, ಅವನೂ ನಗುತ್ತಿದ್ದ. ಆದರೆ ವರ್ಷಕ್ಕೊಮ್ಮೆ, ಆಸ್ಪತ್ರೆಯ ದಿನ, ಅದೇ ಮೇಷ್ಟ್ರು ಕೆಳಗೆ ಕೂತಿರುವಾಗ ಅವನು ವೇದಿಕೆಯ ಮೇಲೆ ಕೂರುತ್ತಿದ್ದ. ದೊಡ್ಡ ಡಾಕ್ಟರಮ್ಮ ಅವನ ಕೈ ಹಿಡಿದು ಮೇಲಕ್ಕೆತ್ತುತ್ತಿದ್ದರು. ಸಾಬೂನಿನ ವಾಸನೆಯ, ಒರಟು ಒರಟಾದ ಆ ಅಂಗೈ ಈಗಲೂ ಅವನ ಅಂಗೈಗೆ ನೆನಪಿದೆ. ಹತ್ತಿಯ ಗೋದಾಮನ್ನು ಆಸ್ಪತ್ರೆ ಮಾಡಿದವರು ಅವರು. ಅದಕ್ಕೆ ಮುಂಚೆ ಕಾಯಿಲೆಯವರು ಸೇತುವೆ ದಾಟಿ ನಗರಕ್ಕೆ ಹೋಗಬೇಕಿತ್ತು, ಹೋಗುವಷ್ಟರಲ್ಲಿ ಕೆಲವರು ವಾಸಿಯಾಗುತ್ತಿದ್ದರು, ಕೆಲವರು ಇರುತ್ತಲೇ ಇರಲಿಲ್ಲ. ಬಡಗಿಗಳು ಮಂಚ ಮಾಡಿಕೊಟ್ಟರು, ಗಿರಣಿಯವರು ಹಾಸಿಗೆಬಟ್ಟೆ ಕೊಟ್ಟರು, ಶಾಲೆಯವರು ತಮ್ಮ ಹಳೇ ಗಂಟೆ ಕೊಟ್ಟರು. ಎಲ್ಲರೂ ಎಲ್ಲ ಕೊಟ್ಟರೂ ಒಳಗೆ ಕಾಲಿಡಲು ಮಾತ್ರ ಯಾರೂ ತಯಾರಿರಲಿಲ್ಲ. ಗೋದಾಮಿಗೆ ನಡೆದು ಹೋದವರು ಮೂಟೆಯಾಗಿ ಬರುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಆ ಭಯ ಬಿಡಿಸಿದ್ದು ತಾನು ಎಂದು ಅವನು ವರ್ಷ ವರ್ಷವೂ ಹೇಳಿದ್ದಾನೆ. ಪೇಟೆಯಲ್ಲಿ ತನ್ನನ್ನು ಕೈಯಿಂದ ಕೈಗೆ ದಾಟಿಸಿದರು, ತರಕಾರಿಯವನು ತಕ್ಕಡಿಯಲ್ಲಿಟ್ಟು ತೂಗಿದ, ಜನ ಚಪ್ಪಾಳೆ ತಟ್ಟಿದರು ಎಂದು ಹೇಳಿ, ಅವರು ನಗಲಿ ಎಂದು ಒಂದು ಗಳಿಗೆ ತಡೆದು ನಿಂತಿದ್ದಾನೆ. ಆ ತಡೆದು ನಿಂತ ಗಳಿಗೆಗಳೆಲ್ಲ ಈಗ ಒಟ್ಟಿಗೆ ಬಂದು ಅವನ ಕಿವಿಯನ್ನು ಬಿಸಿ ಮಾಡಿದವು.

ಮತ್ತೆ ಅವಳು? ಅವಳು ಎಲ್ಲಿರುತ್ತಿದ್ದಳು ಆಗೆಲ್ಲ? ನೆನಪು ಮಾಡಿಕೊಂಡರೆ ಎಲ್ಲ ವರ್ಷವೂ ಇದ್ದಳು. ಸಭಾಂಗಣದ ಹಿಂದಿನ ಬಾಗಿಲಲ್ಲಿ ಕೈಕಟ್ಟಿ ನಿಂತಿರುತ್ತಿದ್ದಳು, ಬಾಗಿಲಿನಷ್ಟೇ ಅಗಲ. ಅತಿಥಿಗಳ ಕಾರು ಆಂಬುಲೆನ್ಸಿನ ದಾರಿಗೆ ಅಡ್ಡ ನಿಂತರೆ ಎಂಥ ಅತಿಥಿಯಾದರೂ ಎಬ್ಬಿಸಿ ತೆಗೆಸುತ್ತಿದ್ದಳು. ಒಂದು ವರ್ಷ ಹೂಗುಚ್ಛ ಹಿಡಿದು ವೇದಿಕೆಯಿಂದ ಇಳಿಯುವಾಗ ಅವನ ಕಾಲು ಹೊರಳಿತ್ತು. ಅವಳೇ ಬಂದು, ಸ್ಟ್ರೆಚರು ಯಾಕೆ ದಂಡಕ್ಕೆ ಎಂದು, ಅಕ್ಕಿ ಚೀಲ ಎತ್ತುವ ಹಾಗೆ ಎತ್ತಿಕೊಂಡು ಹೋಗಿ ಎಕ್ಸ್‌ರೇ ಕೋಣೆಯಲ್ಲಿ ಇಳಿಸಿದ್ದಳು. 'ಹುಷಾರು ಫಸ್ಟಣ್ಣ, ನೀವು ಮುರಿದ್ರೆ ಆಸ್ಪತ್ರೆಗೆ ಬೇರೆ ಪೀಸ್ ಸಿಗಲ್ಲ' ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವನಿಗೆ ಮಾತ್ರ ಆವತ್ತು ಅವಮಾನವಾಗಿತ್ತು. ಒಬ್ಬ ಡ್ರೈವರಮ್ಮ ತನ್ನನ್ನು ಹೀಗೆ ಅನ್ನಬಹುದೇ ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಗೊಣಗಿದ್ದ. ಈಗ ಅದನ್ನು ನೆನೆದರೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿಬಿಡಬೇಕು. ವೇದಿಕೆ ಹತ್ತುವ ಮುಂಚೆಯೇ ಅವಳಿಗೆ ಹೇಳಿಬಿಡಬೇಕು. ಹೇಳಿ ಏನು ಮಾಡುವುದು ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಕೋಟು ತೊಟ್ಟು, ಅಂಗಡಿಗೆ ಬೀಗ ಹಾಕಿ ರಸ್ತೆ ದಾಟಿದ.

ಒಳಗೆ ಹಬ್ಬಕ್ಕೆ ಮುಂಚಿನ ಮನೆಯ ಗಲಾಟೆ. ಆದರೂ ಆಸ್ಪತ್ರೆ ತನ್ನ ಪಾಡಿಗೆ ತಾನು ನಡೆದಿತ್ತು. ಕಣ್ಣಿನ ವಿಭಾಗದ ಬೆಂಚಿನ ಮೇಲೆ ಒಂದು ಕಣ್ಣಿಗೆ ಬಿಳಿ ಮುಚ್ಚಳ ಕಟ್ಟಿಸಿಕೊಂಡ ಅಜ್ಜಂದಿರು ಇನ್ನೊಂದು ಕಣ್ಣಿನಲ್ಲಿ ಪತ್ರಿಕೆ ಓದುತ್ತಿದ್ದರು. ಕೆಲವೇ ದಿನದಲ್ಲಿ ಇವರೆಲ್ಲ ತನ್ನ ಅಂಗಡಿಗೆ ಬಂದು ಗಟ್ಟಿ ಫ್ರೇಮು ಕೊಡು ಎಂದು ಜಗಳವಾಡುವವರು. ಡಯಾಲಿಸಿಸ್ ಕೋಣೆಯಲ್ಲಿ ಯಂತ್ರಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು, ಬಸ್ ಡಿಪೋದ ಮ್ಯಾನೇಜರು ಕೈಗೆ ನಳಿಕೆ ಚುಚ್ಚಿಸಿಕೊಂಡೇ ಅವನತ್ತ ಇನ್ನೊಂದು ಕೈ ಬೀಸಿದರು. ಫಿಸಿಯೋಥೆರಪಿಯ ಬಾಗಿಲಲ್ಲಿ ಒಬ್ಬಾಕೆ ಎರಡು ಕಂಬಿಗಳ ನಡುವೆ ಹೊಸದಾಗಿ ನಡೆಯಲು ಕಲಿಯುತ್ತಿದ್ದಳು, ಪ್ರತಿ ಹೆಜ್ಜೆಗೂ ತನ್ನ ಕಾಲಿಗೆ ತಾನೇ ಬೈಯುತ್ತಾ. ಇವೆಲ್ಲ ಅವನ ಭಾಷಣದಲ್ಲಿ ಬರುತ್ತಿದ್ದ ಹೆಸರುಗಳು. ಇವತ್ತು ನೋಡಿದರೆ ಪ್ರತಿಯೊಂದರಲ್ಲೂ ಯಾರೋ ಒಬ್ಬರು ಕೂತು ಏನನ್ನೋ ತಾಳಿಕೊಳ್ಳುತ್ತಿದ್ದರು, ಅವನು ಯಾವತ್ತೂ ಏನನ್ನೂ ತಾಳಿಕೊಂಡಿರಲಿಲ್ಲ. ಹೊಸ ಹೆರಿಗೆ ವಾರ್ಡಿನ ಬಾಗಿಲಿಗೆ ಕೆಂಪು ರಿಬ್ಬನ್ನು ಕಟ್ಟಿತ್ತು. ಅಧ್ಯಕ್ಷರು ಅದರ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಸುತ್ತಿದ್ದರು. 'ಬಂದ್ರಾ! ಎಲ್ಲೂ ಹೋಗ್ಬೇಡಿ. ಇದನ್ನ ಕತ್ತರಿಸೋದು ನೀವೇ. ಹಳೇ ಆಸ್ಪತ್ರೆಯ ಮೊದಲ ಮಗುವಿನ ಕೈಯಿಂದ ಹೊಸ ವಾರ್ಡು! ಹೇಗಿದೆ ಐಡಿಯಾ?' ಚೆನ್ನಾಗಿದೆ ಸಾರ್ ಎಂದು ಅವನು ಹಿತ್ತಲ ಕಡೆ ಸರಿದ.

ಶೆಡ್ಡಿನಲ್ಲಿ ಅವಳು ಆಂಬುಲೆನ್ಸಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡು, 'ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು' ಎನ್ನುವಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು. ಅವಳು ಎತ್ತಿ, ಹೂಂ, ಹೂಂ, ಯಾವ ಬೀದಿ, ಎಷ್ಟನೇ ಮಹಡಿ ಎಂದು ಕೇಳಿ ಇಟ್ಟಳು. 'ಹೆರಿಗೆ. ಹಳೇ ಗಿರಣಿ ಹಿಂದೆ. ಸ್ಟ್ರೆಚರ್ ಹಿಡಿಯೋರೆಲ್ಲ ಎಲ್ಲಿ ಸತ್ರು? ಕುರ್ಚಿ ಹಾಕೋಕೆ ಹೋಗಿದಾರಾ? ಫಸ್ಟಣ್ಣ, ಹತ್ತಿ ನೀವು.' 'ನಾನಾ?' 'ಎರಡು ಕೈ ಇದೆಯಲ್ಲ, ಅಷ್ಟು ಸಾಕು. ವಿಷಯ ದಾರೀಲಿ ಹೇಳಿ.' ನರ್ಸು ಓಡಿ ಬಂದು ಹಿಂದೆ ಹತ್ತಿಕೊಂಡಳು. ಅವನು ಮುಂದೆ ಕೂತು ಬಾಗಿಲು ಎಳೆದುಕೊಳ್ಳುವ ಮುಂಚೆಯೇ ಗಾಡಿ ಗೇಟಿನ ಹೊರಗಿತ್ತು.

ಸೈರನ್ನಿನ ಸದ್ದಿನಲ್ಲಿ ಅಂಥ ಮಾತನ್ನು ಹೇಗೆ ಆಡುವುದು? ಅವನು ಮೆಲ್ಲಗೆ ಹೇಳಿದ, ಅವಳಿಗೆ ಕೇಳಲಿಲ್ಲ. ಕೊನೆಗೆ ಕೂಗಿಯೇ ಹೇಳಬೇಕಾಯಿತು. 'ಮೊದಲು ಹುಟ್ಟಿದ್ದು ನಾನಲ್ಲವಂತೆ! ನೀವಂತೆ!' ಅವಳು ಗಾಡಿಯನ್ನು ಎರಡು ಬಸ್ಸುಗಳ ನಡುವೆ ನುಸುಳಿಸಿ ಈಚೆ ಬಂದ ಮೇಲೆ, 'ಗೊತ್ತು' ಅಂದಳು. 'ಗೊತ್ತಾ?' 'ನಮ್ಮಮ್ಮ ಇದ್ದಷ್ಟು ದಿನ ಹೇಳ್ತಾನೇ ಇದ್ರು. ಮರದ ಪೆಟ್ಟಿಗೇಲಿ ಹತ್ತಿ ತುಂಬಿ, ಬಲ್ಬು ಉರಿಸಿ, ಅದರೊಳಗೆ ಮಲಗಿಸಿದ್ರಂತೆ ನನ್ನ. ಗೋಡೌನಲ್ಲಿ ಹತ್ತಿಗೇನು ಬರಗಾಲ? ಡಾಕ್ಟರಮ್ಮ ಪೆಟ್ಟಿಗೆ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ರಂತೆ, ಈ ಬಲ್ಬು ಹೋದ್ರೆ ಅಂತ ಇನ್ನೊಂದು ಬಲ್ಬು ಮಡಿಲಲ್ಲಿ ಇಟ್ಕೊಂಡು. ನಿದ್ದೆ ಬಂದ್ರೂ ಬಲ್ಬು ಬಿಡ್ತಿರಲಿಲ್ವಂತೆ.' ಇಷ್ಟು ವರ್ಷ ತಕ್ಕಡಿಯ ಕತೆ ಹೇಳಿ ನಗಿಸಿದವನಿಗೆ ಮಡಿಲಲ್ಲಿ ಬಲ್ಬು ಹಿಡಿದು ತೂಕಡಿಸುವ ಡಾಕ್ಟರಮ್ಮ ಕಣ್ಣ ಮುಂದೆ ಬಂದು, ಆ ಒರಟು ಅಂಗೈ ಆ ಗಾಜಿನ ಬುರುಡೆಯನ್ನು ಎಷ್ಟು ನಾಜೂಕಾಗಿ ಹಿಡಿದಿರಬೇಕು ಅನ್ನಿಸಿತು. ಆಸ್ಪತ್ರೆಯ ಕೆಲಸ ಶುರುವಾದದ್ದು ಅಲ್ಲಿ. ತಾನಂತೂ ಹೊಲದ ಬದುವಿನಲ್ಲಿ ಹುಟ್ಟಿದ್ದರೂ ಬದುಕುತ್ತಿದ್ದೆ. 'ಮತ್ತೆ ಯಾಕೆ ಸುಮ್ನಿದ್ರಿ?' ಎಂದು ಕೂಗಿದ. 'ನಂಗೇನು ತಲೆ ಕೆಟ್ಟಿದ್ಯಾ? ಕೋಟು ಹಾಕ್ಕೊಂಡು ಆ ಅಧ್ಯಕ್ಷರ ಭಾಷಣ ಪೂರ್ತಿ ಕೇಳ್ಬೇಕಲ್ಲ ಮೇಲೆ ಕೂತ್ಕೊಂಡು? ನೀವು ಅನುಭವಿಸ್ತಾ ಇದ್ರಿ, ನಿಮ್ಮ ಪಾಲಿಗೇ ಇರಲಿ ಅಂತ ಬಿಟ್ಟೆ.' ತಿರುವಿನಲ್ಲಿ ಅವನ ಭುಜ ಬಾಗಿಲಿಗೆ ಬಡಿಯಿತು. ಅವಳು ಇದ್ದಕ್ಕಿದ್ದ ಹಾಗೆ ನಗತೊಡಗಿದಳು. 'ಆದ್ರೂ ಒಂದು ನೋಡಿ. ಲೆಕ್ಕ ಹಾಕಿದ್ರೆ ನಾನು ನಿಮಗಿಂತ ದೊಡ್ಡೋಳು. ಇಷ್ಟು ವರ್ಷ ಅಣ್ಣಾ ಅಣ್ಣಾ ಅಂತ ಕರೆದಿದ್ದು ಬರೀ ದಂಡ. ಇನ್ಮೇಲೆ ಏನೋ, ಬಾರೋ ಅಂತೀನಿ. ಇಳಿಯೋ ಈಗ, ಮನೆ ಬಂತು.'

ಮೆಟ್ಟಿಲು ಕಡಿದಾಗಿತ್ತು, ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಬಸುರಿ ಹೆಂಗಸು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು; ಗಂಡ ಪಾಳಿಗೆ ಹೋಗಿದ್ದನಂತೆ; ಅತ್ತೆ ಒಂದು ಚೀಲಕ್ಕೆ ಬಟ್ಟೆ ತುಂಬುತ್ತಾ, ಬೇಡದ್ದೆಲ್ಲ ತುಂಬಿ ಬೇಕಾದ್ದನ್ನು ಹೊರಗಿಡುತ್ತಿದ್ದಳು. ಸ್ಟ್ರೆಚರಿನ ಕೆಳತುದಿ ಅವನ ಪಾಲಿಗೆ ಬಂತು. 'ಅಲುಗಾಡಿಸ್ಬೇಡ, ಹೆಜ್ಜೆ ನೋಡ್ಕೊಂಡು ಇಡು, ಅವಳ ಮುಖ ನೋಡ್ಬೇಡ, ಮೆಟ್ಟಿಲು ನೋಡು' ಎಂದು ಮೇಲಿನಿಂದ ಡ್ರೈವರಮ್ಮನ ಧ್ವನಿ ಬರುತ್ತಿತ್ತು. ಅವನ ತೋಳು ಹರಿಯುವಂತೆ ನೋಯುತ್ತಿತ್ತು, ಬೆವರು ಕನ್ನಡಕದ ಒಳಗೆ ಇಳಿಯುತ್ತಿತ್ತು. ಆದರೂ ತನ್ನ ತೂಕವನ್ನು ಇನ್ನೊಬ್ಬರು ಎತ್ತಿದ್ದೇ ತನ್ನ ಜೀವನದ ಕತೆಯಾಗಿತ್ತು, ಇವತ್ತು ತಾನು ಒಬ್ಬರನ್ನು ಎತ್ತಿದ್ದೇನೆ ಎಂದು ಅಷ್ಟರ ನಡುವೆಯೂ ಒಂದು ಹುಚ್ಚು ಸಂತೋಷ ಒಳಗೆಲ್ಲೋ ಸುಳಿಯಿತು. ವಾಪಸು ಬರುವಾಗ ಅತ್ತೆ ಚೀಲ ಹಿಡಿದು ಮುಂದೆ ಕೂತಳು, ನರ್ಸು ಅವನನ್ನೂ ಹಿಂದೆಯೇ ಕೂರಿಸಿಕೊಂಡಳು. 'ಇವರ ಹೆಗಲು ಎತ್ತಿ ಹಿಡ್ಕೊಳ್ಳಿ, ಬಿಡಬೇಡಿ.' ಹಿಡಿದುಕೊಂಡ. ಹೆಂಗಸು ಅವನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಅವನೇ ಕೂಗಿಕೊಳ್ಳಬೇಕಿತ್ತು. 'ಆಸ್ಪತ್ರೆ ಬಂತಾ? ಬಂತಾ?' ಎಂದು ಕೇಳುತ್ತಲೇ ಇದ್ದಳು. 'ಬಂತು ತಾಯಿ, ಇನ್ನೇನು ಬಂತು' ಎಂದು ಅವನು ಹೇಳುತ್ತಲೇ ಇದ್ದ. ಕಿಟಕಿಯ ಗಾಜು ಮಬ್ಬು, ಕನ್ನಡಕ ಅದಕ್ಕಿಂತ ಮಬ್ಬು. ಬಂದದ್ದು ಎಲ್ಲಿಗೆ ಎಂದು ಅವನಿಗೂ ತಿಳಿಯದು. ಆಮೇಲೆ ನರ್ಸು ಏನೋ ಗಟ್ಟಿಯಾಗಿ ಹೇಳಿದಳು, ಹೆಂಗಸು ಒಂದು ಸಲ ಕೂಗಿದಳು, ಗಾಡಿ ಎಲ್ಲೋ ತಿರುಗಿತು, ಆಮೇಲೆ ಎಲ್ಲ ಸ್ತಬ್ಧ. ಆ ಮೌನದಲ್ಲಿ ಅವನಿಗೆ ದೇವರೂ ನೆನಪಾಗಲಿಲ್ಲ, ಮಡಿಲಲ್ಲಿದ್ದ ಆ ಬಲ್ಬು ನೆನಪಾಯಿತು. ಅಳು ಕಂದಾ, ಅಳು, ಎಂದು ತುಟಿ ಅಲುಗಿಸಿದ. ಮಗು ಅತ್ತಿತು. ಅಳು ಎಂದರೆ ಅಂಥಿಂಥ ಅಳುವಲ್ಲ, ಸೈರನ್ನು ನಾಚಬೇಕು. ಅವನೂ ಅಳುತ್ತಿದ್ದ, ನಗುತ್ತಲೂ ಇದ್ದ. ಎರಡರಲ್ಲಿ ಯಾವುದು ಎಂದು ವಿಚಾರಿಸಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಬಾಗಿಲು ತೆರೆದರೆ ಎದುರಿಗೆ ಅಧ್ಯಕ್ಷರು, ಅವರ ಹಿಂದೆ ಹೂಗುಚ್ಛ, ಅದರ ಹಿಂದೆ ಫೋಟೋದವನು. ಫಸ್ಟಣ್ಣ ಎಲ್ಲಿ ಹೋದನೆಂದು ಹುಡುಕಿಕೊಂಡು ಬಂದಿದ್ದರು. ಮಗುವಿನ ಸದ್ದು ಕೇಳಿದ್ದೇ ತಡ ಅವರ ಮುಖ ಅರಳಿತು. 'ಹೆರಿಗೆ ಆಯ್ತಾ? ಇಲ್ಲೇ ಆಯ್ತಾ? ಅಯ್ಯೋ ಎಂಥಾ ಗಳಿಗೆ ರೀ! ಹೊಸ ವಾರ್ಡಿನ ಮೊದಲ ಮಗು! ರಿಬ್ಬನ್ ಕತ್ತರಿಸಿದ ತಕ್ಷಣ ಇದನ್ನ ವೇದಿಕೆಗೆ ತರೋಣ, ಹಳೇ ಮೊದಲ ಮಗು, ಹೊಸ ಮೊದಲ ಮಗು, ಜೊತೆಗೊಂದು ಫೋಟೋ! ಗೇಟಿನ ಒಳಗೆ ಬಂದ ಮೇಲೇ ಹುಟ್ಟಿದ್ದು ತಾನೇ?' ನರ್ಸು ತಾಯಿಯ ಕಡೆ ಬಾಗಿದ್ದಳು, ಅವಳಿಗೆ ಗೇಟಿನ ಚಿಂತೆಯಿರಲಿಲ್ಲ. ಡ್ರೈವರಮ್ಮ ಮುಂದಿನಿಂದ ಬಂದು ಅವನ ಮುಖ ನೋಡಿದಳು. ಅವನು ಬಟ್ಟೆಯ ಮಡಿಕೆಯೊಳಗೆ ಕೆಂಪಗೆ ಸಿಡುಕುತ್ತಿದ್ದ ಆ ಸಣ್ಣ ಮುಖ ನೋಡಿದ. ವರ್ಷ ವರ್ಷವೂ ಒಂದು ಕೋಟು. ಕೊನೇ ಬೆಂಚಿನಲ್ಲಿ ಒಂದು ಅಡ್ಡಹೆಸರು. ಏನು ಮಾಡಿದರೂ ಏನು ಮಾಡದಿದ್ದರೂ ಹುಟ್ಟಿದ್ದೇ ದೊಡ್ಡದು ಎನ್ನಿಸಿಕೊಳ್ಳುವ ಬಾಳು. 'ಇಲ್ಲ ಸಾರ್' ಅಂದ. ಧ್ವನಿ ಅವನಿಗೇ ಹೊಸದಾಗಿತ್ತು. 'ಗೇಟಿಂದ ಆಚೆ. ಬ್ರೆಡ್ಡಿನ ಅಂಗಡಿ ಮುಂದೆ. ನಾನೇ ಕಣ್ಣಾರೆ ನೋಡ್ದೆ.' 'ನಿಜವಾಗ್ಲೂ?' 'ಬ್ರೆಡ್ಡಿನ ವಾಸನೆ ಬರ್ತಿತ್ತು ಸಾರ್.' ಡ್ರೈವರಮ್ಮ ಕೆಮ್ಮಿದಳು, 'ಹೌದು, ನಡುರಸ್ತೇಲಿ' ಎಂದು ಒತ್ತಿ ಹೇಳಿದಳು. ಅಧ್ಯಕ್ಷರು ಛೆ ಎಂದು ಹೂಗುಚ್ಛ ಕೆಳಗಿಳಿಸಿದರು. ತಾಯಿ ಮಗು ಇಬ್ಬರೂ ಯಾವ ನಂಬರೂ ಇಲ್ಲದೆ ಬಾಗಿಲು ದಾಟಿ ಒಳಗೆ ಹೋದರು, ಹಿಂದೆ ಆ ಅತ್ತೆ, 'ಹೆಣ್ಣಂತೆ, ಹೆಣ್ಣಂತೆ, ಅವರಪ್ಪಂದೇ ಮೂಗು' ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾ.

'ಇವತ್ತು ಮೊದಲನೇ ಸಲ ಒಂದು ಒಳ್ಳೆ ಭಾಷಣ ಮಾಡಿದ್ಯಲ್ಲೋ' ಎಂದಳು ಡ್ರೈವರಮ್ಮ, ಬಕೆಟ್ಟಿಗೆ ನೀರು ಬಿಡುತ್ತಾ. ಗಾಡಿಯನ್ನು ಈಗಲೇ ತೊಳೆಯಬೇಕು, ಇನ್ನೊಂದು ಕರೆ ಯಾವಾಗ ಬರುವುದೋ. ಅವನು ಕೋಟು ಬಿಚ್ಚಿ ಶೆಡ್ಡಿನ ಮೊಳೆಗೆ ಸಿಕ್ಕಿಸಿದ, ತೋಳಿನ ತುಂಬ ಕಲೆ. ಇನ್ನೊಂದು ಬ್ರಷ್ಷು ತೆಗೆದುಕೊಂಡ. ಸಭಾಂಗಣದಿಂದ ಧ್ವನಿವರ್ಧಕ ಕರೆಯುತ್ತಿತ್ತು: ನಮ್ಮ ಮೊದಲ ಮಗು ಎಲ್ಲಿದ್ದರೂ ಕೂಡಲೇ ವೇದಿಕೆಗೆ ಬರಬೇಕು, ಮೊದಲ ಮಗು ಎಲ್ಲಿದ್ದರೂ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಕೂಸನ್ನು ಕೂಗಿದ ಹಾಗಿತ್ತು. 'ನಿನ್ನೇ ಕಣೋ.' 'ಕೂಗ್ಲಿ ಬಿಡಿ.' ಅವನು ಮಂಡಿಯೂರಿ ಸೀಟಿನ ಕೆಳಗೆ ಉಜ್ಜಿದ. ಸ್ವಲ್ಪ ಹೊತ್ತು ಧ್ವನಿವರ್ಧಕ ಗೊರಗೊರ ಅಂದಿತು, ಯಾರದೋ ಪಿಸುಮಾತು, ಆಮೇಲೆ ಒಂದು ಪರಿಚಯದ ಕೆಮ್ಮು. ಅವನ ಬ್ರಷ್ಷು ನಿಂತಿತು. ಅಮ್ಮ.

'ಅವನು ಸಿಗ್ತಿಲ್ವಂತೆ, ನೀವೇ ಏನಾದ್ರೂ ಹೇಳಿ ಅಂತ ಹತ್ತಿಸಿದಾರೆ' ಎನ್ನುತ್ತಿದ್ದಳು ಅಮ್ಮ, ಅಡುಗೆಮನೆಯಲ್ಲಿ ಕೂತು ಮಾತಾಡುವ ಅದೇ ಧಾಟಿಯಲ್ಲಿ. 'ನಿಜ ಹೇಳ್ಬೇಕು ಅಂದ್ರೆ ಇವನು ಎರಡನೇ ಮಗು.' ಸಭೆಯಲ್ಲಿ ಗುಸುಗುಸು ಎದ್ದಿತು. ಅಮ್ಮ ಅದಕ್ಕೆ ಕಾಯಲಿಲ್ಲ. ಪೆಟ್ಟಿಗೆ, ಹತ್ತಿ, ಬಲ್ಬು ಎಲ್ಲ ಹೇಳಿದಳು. 'ಅವರಮ್ಮಂಗೆ ಜ್ವರ, ಕಣ್ಣೇ ಬಿಡ್ತಿರಲಿಲ್ಲ. ನಂಗೆ ಹಾಲು ಬೇಕಾದಷ್ಟಿತ್ತು. ಡಾಕ್ಟರಮ್ಮ ಬಂದು, ಮೊದಲು ಆ ಮಗೂಗೆ, ಆಮೇಲೆ ನಿಮ್ಮದಕ್ಕೆ ಅಂದ್ರು. ಹಾಲಲ್ಲಿ ಹತ್ತಿ ಅದ್ದಿ ತೊಟ್ಟು ತೊಟ್ಟಾಗಿ ಬಿಡ್ತಿದ್ವಿ. ಅದು ಕುಡಿಯೋವರೆಗೆ ಇವನು ಅತ್ತೂ ಅತ್ತೂ ಗೋಡೌನ್ ಕಿತ್ತು ಹೋಗೋ ಹಾಗೆ ಮಾಡ್ತಿದ್ದ. ಹಾಲು ಕೊಟ್ಟಿದ್ದು ಗೊತ್ತಾದ್ರೆ ಅವರಮ್ಮಂಗೆ ಬೇಜಾರಾಗುತ್ತೇನೋ ಅಂತ ನಾನು ಬಾಯಿ ಬಿಡ್ಲಿಲ್ಲ. ಈಗ ಪಾಪ ಆಕೆ ಇಲ್ಲ. ಮಗಳು ಇದಾಳೆ, ನೋಡಿದೀರಲ್ಲ, ಆಂಬುಲೆನ್ಸ್ ಓಡಿಸ್ತಾಳೆ. ಎಷ್ಟು ಚೆನ್ನಾಗಿ ಬೆಳೆದಿದಾಳೆ!'

ಡ್ರೈವರಮ್ಮನ ಕೈಯಲ್ಲಿದ್ದ ಪೈಪು ಬಕೆಟ್ಟಿನ ಹೊರಗೆ ನೀರು ಸುರಿಯುತ್ತಿತ್ತು, ಅವಳ ಚಪ್ಪಲಿ ತೋಯುತ್ತಿತ್ತು. 'ಇದು ನಂಗೆ ಗೊತ್ತಿರಲಿಲ್ಲ' ಅಂದಳು. ಅವನು ಎದ್ದು ನಲ್ಲಿ ನಿಲ್ಲಿಸಿದ. ಸಭಾಂಗಣದಲ್ಲಿ ಚಪ್ಪಾಳೆ ಶುರುವಾಗಿ, ನಿಲ್ಲದೆ, ಕುರ್ಚಿಗಳು ಸರಿಯುವ ಸದ್ದಾಗಿ ಬೆಳೆದು, ಬಾಗಿಲುಗಳು ತೆರೆದುಕೊಂಡು, ಹಿತ್ತಲಿನ ಕಡೆಗೇ ಹೊರಳಿತು. ಮುಂದೆ ಅಧ್ಯಕ್ಷರು, ಅದೇ ಹೂಗುಚ್ಛ. ಅವರ ಹಿಂದೆ ಸೊಸೆಯ ತೋಳು ಹಿಡಿದು ಅಮ್ಮ. ಅವರ ಹಿಂದೆ ಒಂದು ಕಣ್ಣಿನ ಅಜ್ಜಂದಿರು, ಬಿಳಿ ಬಟ್ಟೆಯವರು, ಯಾರ್ಯಾರೋ. ಡ್ರೈವರಮ್ಮನ ಮುಖದಲ್ಲಿ ಅವನು ಮೊದಲ ಬಾರಿಗೆ ಭಯ ಕಂಡ. 'ಅಯ್ಯಯ್ಯೋ' ಎಂದು ಅವಳು ಬಕೆಟ್ಟು ದಾಟಿ ಗಾಡಿಯ ಮುಂಬಾಗಿಲಿಗೆ ಧಾವಿಸಿದಳು. 'ಡೀಸೆಲ್ ಹಾಕಿಸ್ಬೇಕು, ಮರೆತೇಹೋಗಿತ್ತು. ಸರಿ ಅತ್ಲಾಗೆ.' ಅವನು ಆಗಲೇ ಅಲ್ಲಿ ನಿಂತಿದ್ದ, ಬಾಗಿಲಿಗೆ ಬೆನ್ನು ಕೊಟ್ಟು, ಒದ್ದೆ ಅಂಗಿಯಲ್ಲಿ. 'ಆಗಲ್ಲಕ್ಕಾ' ಅಂದ. 'ಸರಿಯೋ!' 'ಸರಿಯಲ್ಲ.' ಅವಳು ಮನಸ್ಸು ಮಾಡಿದ್ದರೆ ಅವನನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದಿತ್ತು. ಎತ್ತಿಡಲಿಲ್ಲ. ಹತ್ತಿರ ಬರುತ್ತಿದ್ದ ಜನರ ಕಡೆಗೆ ತಿರುಗಿ, ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಳ್ಳತೊಡಗಿದಳು.